ಮಗು ಹಾಲು ಕುಡಿಯುವ ಸದ್ದು: ನನ್ನ ಅನುಭವ

ಮಗಳು ಹುಟ್ಟಿ ಹತ್ತು ದಿನಕ್ಕೇ ಮನೆಯಲ್ಲಿ ತೀರ್ಮಾನ ಆಗಿಬಿಟ್ಟಿತ್ತು: ನನಗೆ ಹಾಲು ಸಾಲದು, ಫಾರ್ಮುಲಾ (ಡಬ್ಬಿ ಹಾಲಿನ ಪುಡಿ) ಶುರು ಮಾಡಬೇಕು. ಹುಟ್ಟಿದ ತೂಕಕ್ಕಿಂತ ಇನ್ನೂ ಸುಮಾರು 200 ಗ್ರಾಂ ಕಡಿಮೆ ಇದ್ದಳು. ಅವಳು ಕುಡಿಯುವ ಸದ್ದು ಕೇಳಿ ಸರಿ ಮಾಡಿಕೊಳ್ಳುತ್ತೇನೆ ಅಂದಾಗ ಯಾರೂ ನಂಬಲಿಲ್ಲ. ಈಗ ಮಗಳಿಗೆ ಏಳು ವಾರ. ದಿನಕ್ಕೆ ಹೆಚ್ಚುಕಮ್ಮಿ 30 ಗ್ರಾಂ ಏರುತ್ತಿದ್ದಾಳೆ, ಬರೀ ಎದೆಹಾಲಲ್ಲಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಪಂಪ್, ಎರಡು ಸೈಜಿನ ನಿಪ್ಪಲ್ ಶೀಲ್ಡ್ (ಕುಡಿಸುವಾಗ ತೊಟ್ಟಿನ ಮೇಲೆ ಹಾಕುವ ತೆಳು ಸಿಲಿಕೋನ್ ಟೋಪಿ), ಮೂರು ಥರದ ಬಾಟಲಿ, ಮಗುವಿನ ತೂಕದ ಯಂತ್ರ. ನನ್ನ ಅರ್ಧ ತಿಂಗಳ ಸಂಬಳ ಹೋಯಿತು. ಉಪಯೋಗಕ್ಕೆ ಬಂದದ್ದು ಪಂಪ್ ಒಂದೇ, ಅದೂ ಹಾಲು ತುಂಬಿ ಎದೆ ಗಟ್ಟಿಯಾದ ಎರಡು ದಿನ. ಒಂದು ಕ್ಲಿನಿಕ್ಕಿನಲ್ಲಿ ಮಗುವಿನ ನಾಲಿಗೆ ಕೆಳಗಿನ ಪೊರೆ ನಾಲಿಗೆಯನ್ನು ಹಿಡಿದಿಟ್ಟಿದೆ, ಕತ್ತರಿಸಬೇಕು ಅಂದರು. ಇನ್ನೊಬ್ಬರು ನೋಡಿ, ನಾಲಿಗೆ ಚೆನ್ನಾಗಿ ಎದ್ದು ಹೊರಗೆ ಚಾಚುತ್ತದೆ, ಬೇಡ ಅಂದರು. ಎರಡೂ ಕಡೆ ಫೀಸು ಕೊಟ್ಟೆ.

ಕೊನೆಗೆ ಕೆಲಸಕ್ಕೆ ಬಂದದ್ದು ಫೋನಿನ ರೆಕಾರ್ಡರ್. ದಿಂಬಿನ ಪಕ್ಕ, ಮಗುವಿನ ಕಿವಿಯ ಹತ್ತಿರ ಇಟ್ಟು ಪ್ರತಿ ಸಲ ಮೊದಲ ಹತ್ತು ನಿಮಿಷ ರೆಕಾರ್ಡ್ ಮಾಡಿದೆ. ಆಮೇಲೆ ಕಣ್ಣು ಮುಚ್ಚಿ ಕೇಳಿದೆ. ಮೂರು ದಿನದಲ್ಲಿ ಇಪ್ಪತ್ತೈದು ಸಲವಾದರೂ ಆಗಿರಬೇಕು.

ಆಗ ಗೊತ್ತಾಯಿತು, ನಾವು ಕುಡಿಯುವ ಸದ್ದು ಅಂದುಕೊಂಡು ಖುಷಿಪಡುತ್ತಿದ್ದದ್ದು ಕುಡಿಯುವ ಸದ್ದೇ ಅಲ್ಲ. ಮೂರ್ನಾಲ್ಕು ಚೀಪಿಗೊಮ್ಮೆ 'ಟಕ್' ಅನ್ನುತ್ತಿತ್ತು, ನಾವು ನಾಲಿಗೆ ಲೊಟ್ಟೆ ಹಾಕಿದ ಹಾಗೆ. ಎದೆಯ ಮೇಲಿನ ಬಾಯಿಯ ಹಿಡಿತ ಬಿಟ್ಟು ಗಾಳಿ ಒಳಗೆ ಹೋಗುವ ಸದ್ದು ಅದು. ಆ ಹೊತ್ತಿಗೆ ಕೆನ್ನೆಯಲ್ಲೂ ಗುಳಿ ಬೀಳುತ್ತಿತ್ತು. ನಿಜವಾಗಿ ನುಂಗುವ ಸದ್ದು ಬಹಳ ಮೆತ್ತಗೆ, 'ಕಹ್' ಅಂತ ಉಸಿರು ಬಿಟ್ಟ ಹಾಗೆ. ಅದು ಬರುವಾಗ ಗದ್ದ ಒಂದು ಕ್ಷಣ ಕೆಳಗೆ ನಿಂತು ಮೇಲೇಳುತ್ತದೆ. ಕಿವಿಗೆ ಸಿಗದಿದ್ದರೆ ಗದ್ದ ನೋಡಿ.

'ಟಕ್' ಬಂದ ತಕ್ಷಣ ಬಾಯಿಯ ಮೂಲೆಗೆ ಬೆರಳು ಹಾಕಿ ಬಿಡಿಸಿ, ಮತ್ತೆ ಹಿಡಿಸುತ್ತಿದ್ದೆ. ಮಗುವಿನ ಮೂಗಿಗೆ ತೊಟ್ಟು ನೇರ, ಬಾಯಿ ದೊಡ್ಡದಾಗಿ ತೆರೆಯುವವರೆಗೂ ಕಾಯುವುದು, ಎದೆಗೆ ಗದ್ದ ಮೊದಲು ತಾಗಬೇಕು. ಮೊದಲ ದಿನ ಒಂದೇ ಸಲಕ್ಕೆ ಎಂಟೊಂಬತ್ತು ಬಾರಿ ಬಿಡಿಸಿದ್ದೇನೆ, ಇಬ್ಬರೂ ಅತ್ತಿದ್ದೇವೆ. ಶೀಲ್ಡ್ ಹಾಕಿದರೆ 'ಟಕ್' ನಿಲ್ಲುತ್ತಿತ್ತು, ಆದರೆ 'ಕಹ್' ಕೂಡ ಅರ್ಧಕ್ಕಿಳಿಯುತ್ತಿತ್ತು. ಎತ್ತಿಟ್ಟೆ. ನಾಲ್ಕನೇ ದಿನಕ್ಕೆ ಬಲಗಡೆ ಸರಿಹೋಯಿತು.

ಎಡಗಡೆ ಬೇರೆಯೇ ಕಥೆ. ಅಲ್ಲಿ ಗುಟುಕ್ ಗುಟುಕ್, ಕೆಮ್ಮು, ಆಮೇಲೆ 'ಟಕ್'. ಹಾಲು ರಭಸವಾಗಿ ಬಂದು ಅವಳೇ ಹಿಡಿತ ಸಡಿಲಿಸುತ್ತಿದ್ದಳು. ಹಾಲು ಸಾಲದು ಅಂದದ್ದು ಇದೇ ಎದೆಗೆ, ಅಲ್ವಾ! ಹಿಂದಕ್ಕೆ ಒರಗಿ ಅವಳನ್ನು ನನ್ನ ಮೇಲೆ ಮಲಗಿಸಿಕೊಂಡು ಕುಡಿಸಿದೆ, ಎರಡೇ ದಿನದಲ್ಲಿ ಕೆಮ್ಮು ನಿಂತಿತು. ಇದರ ಜೊತೆ ಕೈ ಇಡುವ ಒಂದು ಉಪಾಯವೂ ಇದೆ. ಅದನ್ನು ಪಕ್ಕದಲ್ಲಿ ಕೂತು ತೋರಿಸಬೇಕು, ಬರೆದರೆ ತಪ್ಪಾಗುತ್ತದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. 'ಕಹ್' ನಿಂತು ಬರೀ ಚೀಪುವಾಗ ನನ್ನ ಎದೆಯನ್ನು ಮೆಲ್ಲಗೆ ಒತ್ತಿ ಹಿಡಿದರೆ ಮತ್ತೆ ಐದಾರು 'ಕಹ್' ಬರುತ್ತವೆ. ನಿದ್ದೆಗೆ ಜಾರುವ ಮಗುವಿಗೆ ಇದು ತುಂಬಾ ಒಳ್ಳೆಯದು. ಅಳುವಿನ ಸದ್ದಿನಲ್ಲೇ ಹಸಿವು ಯಾವುದು, ನಿದ್ದೆ ಯಾವುದು ಅಂತ ಗುರುತಿಸಲು ಒಂದು ವಾರ ಬರೆದಿಟ್ಟೆ. ನನಗೆ ಅದು ಕೈಗೂಡಲಿಲ್ಲ.

ಇನ್ನು ರಾತ್ರಿಯ ಸದ್ದುಗಳು: ತಿಣುಕುವುದು, ಮುಲುಗುವುದು, ಕೀ ಕೀ ಅನ್ನುವುದು. ಒಂದು ಸಲ ನಲವತ್ತು ನಿಮಿಷ ರೆಕಾರ್ಡ್ ಮಾಡಿದೆ, ಅಷ್ಟೂ ಹೊತ್ತು ಅವಳು ನಿದ್ದೆಯಲ್ಲೇ ಇದ್ದಳು. ನಾನೋ, ಪ್ರತಿ ಸದ್ದಿಗೂ ಎತ್ತಿ ಎಬ್ಬಿಸುತ್ತಿದ್ದೆ. ಹುಟ್ಟಿದ ತೂಕ ದಾಟಿದ ಮೇಲೆ ಎರಡು ನಿಮಿಷ ಕಾಯಲು ಶುರು ಮಾಡಿದೆ, ಅರ್ಧಕ್ಕರ್ಧ ಸಲ ತಾನೇ ಸುಮ್ನಾದಳು. ಮೂಗಿನ ಗೊರಗೊರಕ್ಕೆ ಡಾಕ್ಟರ್ ಹೇಳಿದ ಸಲೈನ್ ಡ್ರಾಪ್ಸ್ (ಮೂಗಿಗೆ ಹಾಕುವ ಉಪ್ಪುನೀರಿನ ಹನಿ), ಕುಡಿಸುವ ಮೊದಲು. ಈ ವಯಸ್ಸಲ್ಲಿ ಉಸಿರಾಟ ಹೆಚ್ಚಾಗಿ ಮೂಗಲ್ಲೇ, ಕಟ್ಟಿದರೆ ಎದೆ ಬಿಟ್ಟು ಬಿಟ್ಟು ಅಳುತ್ತಾರೆ.

ಆದರೆ ಪ್ರತಿ ಉಸಿರಿಗೂ ನರಳುತ್ತಿದ್ದರೆ, ಪಕ್ಕೆ ಒಳಗೆ ಸೆಳೆದರೆ, ತುಟಿ ನೀಲಿಯಾದರೆ, ಸುಮ್ಮನೆ ಮಲಗಿದ್ದಾಗಲೂ ಉಸಿರು ನಿಮಿಷಕ್ಕೆ 60 ದಾಟುತ್ತಿದ್ದರೆ ಫೋನ್ ಬಿಟ್ಟು ಆಸ್ಪತ್ರೆಗೆ ಓಡಿ. ಬರೀ ಸದ್ದನ್ನೇ ನಂಬಿ ನಾನೂ ಕೂರಲಿಲ್ಲ. ದಿನಕ್ಕೆ ಆರಾದರೂ ಒದ್ದೆ ಡಯಾಪರ್ ಎಣಿಸುತ್ತಿದ್ದೆ, ವಾರಕ್ಕೊಮ್ಮೆ ಡಾಕ್ಟರ ಹತ್ತಿರ ತೂಕ ಹಾಕಿಸುತ್ತಿದ್ದೆ.

ಎಡಗಡೆ ಸಂಜೆ ಹೊತ್ತು ಈಗಲೂ ಒಂದೊಂದು 'ಟಕ್' ಬರುತ್ತದೆ. ನನಗೆ ನೋವಿಲ್ಲ, ಅವಳ ತೂಕ ಏರುತ್ತಿದೆ. ಬಿಡಿಸುವುದನ್ನು ನಿಲ್ಲಿಸಿದ್ದೇನೆ.