ಗುತ್ತಿಗೆಯವರ ಹೆಸರು ನಮ್ಮ ಬೇಡಿಕೆ ಪಟ್ಟಿಗೆ ಬಂದದ್ದು

ನಾನು ಕಾರ್ಮಿಕ ಸಂಘದ ಕಾರ್ಯದರ್ಶಿಯಾದಾಗ ನಮ್ಮ ಬೇಡಿಕೆ ಪಟ್ಟಿಯಲ್ಲಿ ಗುತ್ತಿಗೆ ಕಾರ್ಮಿಕರ ಬಗ್ಗೆ ಒಂದು ಸಾಲೂ ಇರಲಿಲ್ಲ. ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಕಾರ್ಖಾನೆ ನಮ್ಮದು. 1991ರ ಆರ್ಥಿಕ ಸುಧಾರಣೆ ಆದ ಕೆಲವೇ ವರ್ಷಗಳಲ್ಲಿ ಕಾಯಂ ನೇಮಕಾತಿ ನಿಂತಿತು. ಯಾರು ನಿವೃತ್ತರಾದರೂ ಆ ಜಾಗಕ್ಕೆ ಕಂಟ್ರಾಕ್ಟರ್ ಕಡೆಯ ಹುಡುಗರು ಬಂದರು. ಅದೇ ಮೆಷೀನ್, ಅದೇ ಷಿಫ್ಟ್. ಸಂಬಳ ಮಾತ್ರ ನಮ್ಮ ಅರ್ಧಕ್ಕಿಂತ ಕಡಿಮೆ.

ಕಾಯಂನವರಾದ ನಮಗೆ ಕಾಲಕಾಲಕ್ಕೆ ಸೆಟ್ಲ್‌ಮೆಂಟ್, ಅಂದರೆ ಸಂಬಳದ ಒಪ್ಪಂದ, ಆಗುತ್ತಿತ್ತು, ಹಾಗಾಗಿ ಸುಮ್ನಿದ್ದೆವು. ಆ ತಪ್ಪು ನಮ್ಮದೇ.

ಒಂದು ಸಲ ಮಾತುಕತೆ ಮುರಿದು ಮುಷ್ಕರ ಹೂಡಿದೆವು. ಕಾಯಂ ಕಾರ್ಮಿಕರೆಲ್ಲ ಗೇಟಿನ ಹೊರಗೆ ಕೂತಿದ್ದೆವು. ಸಂಜೆ ಹೊತ್ತಿಗೆ ಲಾರಿ ಎಂದಿನಂತೆ ಮಾಲು ತುಂಬಿಕೊಂಡು ನಮ್ಮ ಎದುರೇ ಹೊರಟಿತು. ಒಳಗೆ ಲೈನ್ ನಡೆಸಿದ್ದು ಗುತ್ತಿಗೆಯವರು. ಅವರ ಮೇಲೆ ಸಿಟ್ಟು ಬಂತು. ಮಾರನೇ ವಾರ ಅವರಲ್ಲೊಬ್ಬನನ್ನು ಕ್ಯಾಂಟೀನ್ ಹಿಂದೆ ನಿಲ್ಲಿಸಿ ಕೇಳಿದೆ. ಅವನು ಜಗಳ ಮಾಡಲಿಲ್ಲ. "ಅಣ್ಣ, ಆರು ವರ್ಷದಿಂದ ನಿಮ್ಮ ಪಕ್ಕದ ಮೆಷೀನಲ್ಲಿದ್ದೀನಿ. ನನ್ನ ಊರು ಯಾವುದು ಅಂತ ಒಂದು ದಿನ ಕೇಳಿದ್ದೀರಾ?" ಅಂದ. ಕೇಳಿರಲಿಲ್ಲ.

ಅಲ್ಲಿಂದ ಕೆಲಸ ಶುರು. ಒಂದು ನೋಟ್‌ಬುಕ್ ಇಟ್ಟುಕೊಂಡೆವು. ಪ್ರತಿಯೊಬ್ಬರ ಹೆಸರು, ಯಾವ ಮೆಷೀನ್, ಯಾವಾಗಿನಿಂದ, ಯಾವ ಕಂಟ್ರಾಕ್ಟರ್, ಪಿಎಫ್ ಕಟ್ಟಿದ್ದಾರಾ ಇಲ್ಲವಾ, ಎಲ್ಲ ಬರೆದೆವು. ಅವರಲ್ಲಿ ಹಿಂದಿ ಮಾತಾಡುವವರ ಬಳಿಗೆ ಹಿಂದಿ ಚೆನ್ನಾಗಿ ಬರುವ ಸದಸ್ಯರನ್ನು ಕಳಿಸಿದೆವು. ತಿಂಗಳುಗಟ್ಟಲೆ ಹಿಡಿಯಿತು. ಕೊನೆಗೆ ನೋಟ್‌ಬುಕ್ಕೇ ದೊಡ್ಡ ಸಾಕ್ಷಿಯಾಯಿತು. ಕಂಟ್ರಾಕ್ಟರ್ ನಾಲ್ಕು ಸಲ ಬದಲಾಗಿದ್ದ, ಆಳು ಮಾತ್ರ ಅದೇ ಮೆಷೀನಿನ ಮುಂದೆ ನಿಂತಿದ್ದ.

ನಿಜ ಹೇಳಬೇಕೆಂದರೆ ಆಡಳಿತ ಮಂಡಳಿಗಿಂತ ಕಷ್ಟವಾದದ್ದು ನಮ್ಮವರನ್ನು ಒಪ್ಪಿಸುವುದು. "ಅವರಿಗೆ ಕೊಟ್ಟರೆ ನಮ್ಮ ಪಾಲು ಕಡಿಮೆಯಾಗಲ್ವಾ?" ಎಂದು ಸರ್ವಸದಸ್ಯರ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ಕೇಳಿದರು. ಆಗಬಹುದು ಎಂದೇ ಹೇಳಿದೆ. ಆದರೆ ಆ ಲಾರಿಯನ್ನೂ ನೆನಪಿಸಿದೆ. ಸ್ವಲ್ಪವೇ ಮತಗಳ ಅಂತರದಲ್ಲಿ ನಿರ್ಣಯ ಪಾಸಾಯಿತು.

"ಅವರು ನಮ್ಮ ಕಾರ್ಮಿಕರೇ ಅಲ್ಲ, ನಿಮಗೆ ಅವರ ಬಗ್ಗೆ ಮಾತಾಡುವ ಹಕ್ಕಿಲ್ಲ" ಎಂದರು ಎಚ್‌ಆರ್‌ನವರು. ಸ್ಟ್ಯಾಂಡರ್ಡ್ ವ್ಯಾಕ್ಯೂಮ್ ರಿಫೈನಿಂಗ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ಗುತ್ತಿಗೆ ಕಾರ್ಮಿಕರ ವಿಷಯವನ್ನು ಕಾಯಂ ಕಾರ್ಮಿಕರು ಕೈಗಾರಿಕಾ ವಿವಾದವಾಗಿ ಎತ್ತಬಹುದು. ಆ ತೀರ್ಪಿನ ಪ್ರತಿ ಮೇಜಿನ ಮೇಲಿಟ್ಟೆವು. ಎಲ್ಲರನ್ನೂ ಕಾಯಂ ಮಾಡಿ ಎಂದು ಮಾತ್ರ ಹಟ ಹಿಡಿಯಲಿಲ್ಲ. ಗುತ್ತಿಗೆ ರದ್ದಾದರೂ ತಾನಾಗಿ ಕಾಯಂ ಆಗುವುದಿಲ್ಲ ಎಂದು ಉಕ್ಕು ಪ್ರಾಧಿಕಾರದ (ಸೇಲ್) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ 2001ರ ತೀರ್ಪು ಹೇಳಿಬಿಟ್ಟಿತ್ತು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ನಿಯಮಗಳಲ್ಲಿ ಒಂದೇ ಬಗೆಯ ಕೆಲಸಕ್ಕೆ ಒಂದೇ ವೇತನ ಎಂದಿತ್ತಲ್ಲ, ಅದನ್ನೇ ಹಿಡಿದೆವು.

ಸಹಿ ಎಲ್ಲಿ ಹಾಕುವುದು ಎಂಬುದೂ ಮುಖ್ಯ. ಹೊಸ ಪದಾಧಿಕಾರಿಗಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಆಗ ಇದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಸೆಕ್ಷನ್ 18(1)ರ ಒಪ್ಪಂದ, ಅಂದರೆ ಸಂಧಾನದ ಹೊರಗೆ ಎರಡೂ ಕಡೆಯವರೇ ಮಾಡಿಕೊಳ್ಳುವುದು, ಸಹಿ ಹಾಕಿದವರಿಗಷ್ಟೇ ಅನ್ವಯವಾಗುತ್ತಿತ್ತು. ಕಾರ್ಮಿಕ ಅಧಿಕಾರಿಯ ಮುಂದೆ ಸಂಧಾನದಲ್ಲಿ ಆಗುವ 12(3) ಒಪ್ಪಂದಕ್ಕೆ ಆ ಮಿತಿ ಇರಲಿಲ್ಲ. ನಾಳೆ ಕೆಲಸಕ್ಕೆ ಸೇರುವವರಿಗೂ ಅದು ಅನ್ವಯವಾಗುತ್ತಿತ್ತು. ಆಡಳಿತ ಮಂಡಳಿ 18(1) ಸಾಕು ಎಂದಿತು. ನಾವು ಒಪ್ಪಲಿಲ್ಲ. ಕಂಟ್ರಾಕ್ಟರ್‌ಗಳನ್ನೂ ಸಂಧಾನಕ್ಕೆ ಕರೆಸುವಂತೆ ಅರ್ಜಿ ಕೊಟ್ಟೆವು. ಸಂಧಾನದಲ್ಲಿ ವಕೀಲರು ಕೂರುವಂತಿಲ್ಲ, ನಾವೇ ಮಾತಾಡಬೇಕು. ಅದು ಒಳ್ಳೆಯದೇ ಆಯಿತು. ನೋಟ್‌ಬುಕ್ಕಿನ ಪ್ರತಿ ಪುಟದ ಹಿಂದಿನ ಮುಖ ನಮಗೆ ಗೊತ್ತಿತ್ತು.

ಸಮಾನ ವೇತನ ಪೂರ್ತಿ ಸಿಗಲಿಲ್ಲ. ವ್ಯತ್ಯಾಸ ಮೂರು ಕಂತಿನಲ್ಲಿ ಒಂದಿಷ್ಟು ಇಳಿಯಿತು. ಕಂಟ್ರಾಕ್ಟರ್ ಬದಲಾದರೂ ಆಳನ್ನು ಬಿಡಿಸುವಂತಿಲ್ಲ ಎಂಬ ಷರತ್ತು ಸೇರಿತು. ನನ್ನ ಮಟ್ಟಿಗೆ ಸಂಬಳಕ್ಕಿಂತ ಅದೇ ಜಾಸ್ತಿ.

ಸರ್ಕಾರ, ಮಾಲೀಕ, ಕಾರ್ಮಿಕ ಮೂವರೂ ಕೂತು ನೀತಿ ಚರ್ಚಿಸಬೇಕಾದ ಭಾರತೀಯ ಕಾರ್ಮಿಕ ಸಮ್ಮೇಳನ 2015ರ ಜುಲೈನಲ್ಲಿ 46ನೇ ಸಲ ಸೇರಿತು. ಆಮೇಲೆ ವರ್ಷಗಟ್ಟಲೆ ಸೇರಲೇ ಇಲ್ಲ. ಆ ನಡುವೆಯೇ 2020ರಲ್ಲಿ ಕೈಗಾರಿಕಾ ಸಂಬಂಧ ಸಂಹಿತೆ ಪಾಸಾಯಿತು. 2025ರ ನವೆಂಬರ್ 21ರಂದು ಆ 1947ರ ಕಾಯ್ದೆಯ ಜಾಗಕ್ಕೆ ಜಾರಿಗೂ ಬಂತು. ಅದರ ಪ್ರಕಾರ ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಡೆ ಮಸ್ಟರ್ ರೋಲ್‌ನಲ್ಲಿ, ಅಂದರೆ ಕಂಪನಿಯ ಹಾಜರಿ ಪಟ್ಟಿಯಲ್ಲಿ, ಇರುವವರ ಪೈಕಿ ಕನಿಷ್ಠ ಶೇ 51ರಷ್ಟು ಬೆಂಬಲ ಇದ್ದ ಸಂಘವೇ ಆಡಳಿತ ಮಂಡಳಿ ಜೊತೆ ಮಾತುಕತೆ ನಡೆಸುವ ಏಕೈಕ ಸಂಘ. ನಿಗದಿತ ಅವಧಿಗೆ ನೇಮಕವಾಗುವವರು ಆ ರೋಲ್‌ನಲ್ಲಿ ಇರುತ್ತಾರೆ, ಕಂಟ್ರಾಕ್ಟರ್ ಕಡೆಯವರು ಇರುವುದಿಲ್ಲ. ನಮ್ಮ ಕಾರ್ಖಾನೆಯಲ್ಲೂ ನಿಗದಿತ ಅವಧಿಯವರ ಮೊದಲ ತಂಡ ಸೇರಿದೆ. ಕ್ಯಾಂಟೀನ್ ಹಿಂದೆ ನನ್ನನ್ನು ಪ್ರಶ್ನಿಸಿದ ಹುಡುಗ ಈಗ ಅವರ ಜೊತೆ ಮಾತಾಡುತ್ತಿದ್ದಾನೆ. ಹೊಸ ನೋಟ್‌ಬುಕ್ ಅವನ ಕೈಯಲ್ಲೇ ಇದೆ.