ಕೇಪಿನ ಕೋವಿಗೆ ಚಕಮಕಿಯ ಕಿಡಿ

ಬಾಯಿಯಿಂದ ಮದ್ದು ತುಂಬುವ, ಬಡಿದರೆ ಸಿಡಿಯುವ ಪುಟ್ಟ ಲೋಹದ ಟೊಪ್ಪಿಯಿಂದ (ಕೇಪಿನಿಂದ) ಹೊತ್ತುವ, ನಮ್ಮ ಮಲೆನಾಡಿನವರು ಕೇಪಿನ ಕೋವಿ ಎನ್ನುವ ಬಂದೂಕನ್ನು, ಕಲ್ಲಿನ ಕಿಡಿಯಿಂದ ಹೊತ್ತುವ, ಅದಕ್ಕೂ ಹಿಂದಿನ ಚಕಮಕಿ ಕೋವಿಯಾಗಿ ಮಾರ್ಪಡಿಸುವ ಹವ್ಯಾಸ ಅಮೆರಿಕದಲ್ಲಿ ಬೇರೂರಿದೆ. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಕೋವಿಗೆಂದೇ ಬೇಟೆಯ ಋತು ಇರುವುದು ಇದಕ್ಕೊಂದು ಕಾರಣ. 1840ರ ದಶಕದಲ್ಲಿ ಸೇನೆಗಳು ಚಕಮಕಿಯನ್ನು ಬಿಟ್ಟು ಕೇಪಿಗೆ ಬಂದವು. ಇಲ್ಲಿ ನಡೆಯುವುದು ಅದರ ತಿರುವುಮುರುವು. ಭಾರತದಲ್ಲಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಕೋವಿಯನ್ನು ದುರಸ್ತಿ ಮಾಡುವಂತಿಲ್ಲ, ಪರಿವರ್ತಿಸುವಂತೆಯೂ ಇಲ್ಲ.

ಮೊದಲು ಕೋವಿ ಬರಿದಾಗಿದೆಯೇ ಎಂದು ನೋಡಬೇಕು. ಮದ್ದುಗುಂಡನ್ನು ಒಳಗೆ ದೂಡುವ ಕೋಲಾದ ಗಜವನ್ನು ನಳಿಗೆಯೊಳಗೆ ಪೂರ್ತಿ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿದಾಗ ಅದರ ತುದಿ ಹಿಂಬದಿಯ ಬಿರಡೆಗಿಂತ ಬಹಳ ಮುಂದೆಯೇ ನಿಂತರೆ ಒಳಗೆ ಹಳೆಯ ಈಡು (ತುಂಬಿಟ್ಟ ಮದ್ದುಗುಂಡು) ಉಳಿದಿದೆ ಎಂದೇ ಅರ್ಥ.

ಬಳಿಕ ನಳಿಗೆಯ ಪಕ್ಕಕ್ಕೆ ತಿರುಪಿನಿಂದ ಕೂರಿಸಿದ, ಕೇಪು ಹಾಕುವ ಮೊಳೆಯನ್ನು ಹೊತ್ತ ತುಂಡನ್ನು ಬಿಚ್ಚುತ್ತಾರೆ. ಆ ತುಂಡು ನಳಿಗೆಯ ಹಿಂಬದಿಯ ಬಿರಡೆಯೊಂದಿಗೇ ಎರಕವಾಗಿದ್ದರೆ ಕೆಲಸವನ್ನು ಅಲ್ಲಿಗೇ ಬಿಟ್ಟು ಚಕಮಕಿಗೆಂದೇ ಮಾಡಿದ ನಳಿಗೆಯನ್ನು ಕೊಳ್ಳುವುದು ಲೇಸು. ಬಿಚ್ಚಿದ ತೂತಿನೊಳಕ್ಕೆ, ನಡುವೆ ಸುಮಾರು 1.6 ಮಿಲಿಮೀಟರ್ ರಂಧ್ರವಿರುವ ಉಕ್ಕಿನ ತಿರುಪನ್ನು ಬಿಗಿಯುತ್ತಾರೆ.

ಇನ್ನು ಲಾಕ್, ಎಂದರೆ ಕೋವಿಯ ಪಕ್ಕದಲ್ಲಿದ್ದು ಮದ್ದಿಗೆ ಬೆಂಕಿ ಹೊತ್ತಿಸುವ ಯಂತ್ರ; ಕೇಪಿನದನ್ನು ತೆಗೆದು ಅಲ್ಲಿ ಚಕಮಕಿಯದನ್ನು ಕೂರಿಸುತ್ತಾರೆ. ಇಡೀ ಕೆಲಸದ ಜೀವ ಇಲ್ಲಿದೆ. ರಂಜಕದ (ಕಿಡಿ ಬಿದ್ದು ಮೊದಲು ಹೊತ್ತುವ ಮದ್ದಿನ) ಬಟ್ಟಲಿನ ಮೇಲಂಚು ಆ ರಂಧ್ರದ ನಡುಮಟ್ಟಕ್ಕೆ ಬರಬೇಕು. ರಂಧ್ರ ತೀರ ಕೆಳಗಾದರೆ ರಂಜಕವೇ ಅದನ್ನು ಮುಚ್ಚಿ, ಬೆಂಕಿ ಬತ್ತಿಯಂತೆ ನಿಧಾನವಾಗಿ ಒಳಗೆ ಸಾಗುತ್ತದೆ; ಕುದುರೆ (ಕಲ್ಲನ್ನು ಹಿಡಿದು ಬಡಿಯುವ ಸುತ್ತಿಗೆ) ಬಿದ್ದು ಒಂದು ಕ್ಷಣ ಕಳೆದ ಮೇಲೆ ಈಡು ಹಾರುತ್ತದೆ. ಮರದ ಗೂಡಿನಲ್ಲಿ ಲಾಕ್ ಕೂರದಿದ್ದರೆ ಅದರ ಒಳಮೈಗೆ ದೀಪದ ಮಸಿ ಸವರಿ ಒತ್ತಿ, ಕಪ್ಪಾದ ಕಡೆಯಲ್ಲಷ್ಟೇ ಉಳಿಯಿಂದ ಕೂದಲೆಳೆಯಷ್ಟು ಕೆತ್ತಬೇಕು. ನಳಿಗೆಗೂ ಬಟ್ಟಲಿಗೂ ನಡುವೆ ಸಂದು ಉಳಿಯಬಾರದು.

ಚಕಮಕಿ ಕಲ್ಲನ್ನು ತೊಗಲಿನ ತುಂಡಿನಲ್ಲಿ ಸುತ್ತಿ ಕುದುರೆಯ ದವಡೆಗೆ ಬಿಗಿದು, ಅರ್ಧ ಎಳೆದಿಟ್ಟಾಗ ಕಲ್ಲಿನ ಅಂಚು ಎದುರಿನ ಉಕ್ಕಿನ ತಗಡಿಗೆ ತಾಗದಷ್ಟೇ ಹತ್ತಿರವಿರುವಂತೆ ನೋಡಿಕೊಳ್ಳಬೇಕು. ಮದ್ದಿಲ್ಲದೆ ಕತ್ತಲೆ ಕೋಣೆಯಲ್ಲಿ ಕುದುರೆ ಬಿಟ್ಟರೆ ಕಿಡಿಗಳು ಬಟ್ಟಲಿನ ನಡುವಿಗೇ ಉದುರಬೇಕು. ಪಕ್ಕಕ್ಕೆ ಚೆದರಿದರೆ ಕಲ್ಲನ್ನು ಮಗುಚಿ ಕೂರಿಸಿ ನೋಡುವುದು ವಾಡಿಕೆ.

ಕರಿಮದ್ದನ್ನೇ ಬಳಸಬೇಕು, ಬದಲಿ ಮದ್ದುಗಳು ಚಕಮಕಿಯ ಕಿಡಿಗೆ ಸುಲಭವಾಗಿ ಹೊತ್ತುವುದಿಲ್ಲ. ಮೊದಲ ಈಡನ್ನು ಗುಂಡಿಲ್ಲದೆ, ಕೋವಿಯನ್ನು ಮೇಜಿಗೆ ಬಿಗಿದು, ದೂರದಿಂದ ಹಗ್ಗ ಎಳೆದು ಹಾರಿಸುತ್ತಾರೆ. ಬಟ್ಟಲಿನಲ್ಲಿ ಬೆಳಗಿದ್ದೂ ಕೋವಿ ಹಾರದಿದ್ದರೆ ಬಾಯಿಯನ್ನು ಗುರಿಯ ಕಡೆಗೇ ಇಟ್ಟು ಒಂದೆರಡು ನಿಮಿಷ ಕಾದು, ಆಮೇಲಷ್ಟೇ ಹತ್ತಿರ ಹೋಗಿ ರಂಧ್ರಕ್ಕೆ ತಂತಿ ಹಾಕುತ್ತಾರೆ.