ಹಳೆಯ ಆಸ್ಟರಾಯ್ಡ್ಸ್ ಯಂತ್ರದಲ್ಲಿ ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ: ನಾನು ಹುಡುಕುವ ಬಗೆ

1979ರ ಅಟಾರಿ ಆಸ್ಟರಾಯ್ಡ್ಸ್ ಎಂಬ ವಿಡಿಯೋ ಗೇಮ್ ಯಂತ್ರಕ್ಕೆ ಬೇಕಾದ ಕರೆಂಟೆಲ್ಲ ಹೊರಡುವುದು ಪೆಟ್ಟಿಗೆಯ ತಳದಲ್ಲಿರುವ ‘ಪವರ್ ಬ್ರಿಕ್’ನಿಂದ. ಅದರಲ್ಲಿ ಭಾರಿ ಟ್ರಾನ್ಸ್‌ಫಾರ್ಮರ್, ಸಾಲು ಫ್ಯೂಸ್‌ಗಳು, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ (ನಾಲ್ಕು ಡಯೋಡ್‌ಗಳ ಜೋಡಣೆ) ಮತ್ತು ರಿಪೇರಿ ಮಾಡುವವರು ‘ಬಿಗ್ ಬ್ಲೂ’ ಎನ್ನುವ 27,000 ಮೈಕ್ರೋಫ್ಯಾರಡ್, 15 ವೋಲ್ಟ್‌ನ, ಚಾರ್ಜ್ ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಇರುತ್ತವೆ.

ಹೊಸ ಫ್ಯೂಸ್ ಹಾಕುವ ಮುಂಚೆ ಹೋದ ಫ್ಯೂಸನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಗಾಜಿನೊಳಗೆ ಕಪ್ಪು ಅಥವಾ ಬೆಳ್ಳಿ ಲೇಪ ಹತ್ತಿದ್ದರೆ ನೇರ ಶಾರ್ಟ್. ಗಾಜು ತಿಳಿಯಾಗಿದ್ದು ತಂತಿ ನಡುವೆ ಮಾತ್ರ ಕರಗಿದ್ದರೆ ಮಿತಿಗಿಂತ ಸ್ವಲ್ಪ ಹೆಚ್ಚು ಕರೆಂಟ್ ಬಹಳ ಹೊತ್ತು ಹರಿದಿದೆ. ತಂತಿ ಸರಿಯಾಗಿಯೇ ಕಂಡರೂ ಮೀಟರ್ ‘ಓಪನ್’ ಎಂದರೆ ತುದಿಯ ಲೋಹದ ಟೋಪಿಯೊಳಗಿನ ಬೆಸುಗೆ ಬಿಸಿಗೆ ಬಿಟ್ಟಿದೆ. ಅಲ್ಲಿ ತಪ್ಪು ಫ್ಯೂಸನ್ನು ಹಿಡಿದಿರುವ ಕ್ಲಿಪ್ಪಿನದು, ಸರ್ಕ್ಯೂಟಿನದಲ್ಲ. ಹಾಗಾಗಿ ಫ್ಯೂಸನ್ನು ಯಾವಾಗಲೂ ಹೊರತೆಗೆದೇ ಅಳೆಯಬೇಕು.

ಮುಂದಿನ ಕೆಲಸವೆಲ್ಲ ಪ್ಲಗ್ ಕಿತ್ತ ಮೇಲೆ. ಬಿಗ್ ಬ್ಲೂಗೆ 100 ಓಮ್, 5 ವ್ಯಾಟ್ ರೆಸಿಸ್ಟರನ್ನು ಹದಿನೈದು ಸೆಕೆಂಡ್ ಹಿಡಿದರೆ ಅದು ಖಾಲಿಯಾಗುತ್ತದೆ. ಯಂತ್ರ ಅಮೆರಿಕದಿಂದ ಬಂದಿದ್ದರೆ ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಆಯ್ಕೆಯ ಪ್ಲಗ್ ನಮ್ಮ 230 ವೋಲ್ಟಿಗೆ ಹೊಂದುವುದೇ ಎಂದು ಮೊದಲೇ ನೋಡಿಕೊಳ್ಳಿ.

ಬ್ರಿಕ್‌ನಿಂದ ಹೊರಡುವ ಪ್ಲಗ್‌ಗಳನ್ನೆಲ್ಲ ಬಿಚ್ಚಿ, 100 ವ್ಯಾಟ್ ಬಲ್ಬಿನ ಸೀರೀಸ್ ಬೋರ್ಡ್ (ಕರೆಂಟ್ ಬಲ್ಬಿನ ಮೂಲಕವೇ ಹಾದು ಬರುವ ಜೋಡಣೆ) ಮೂಲಕ ಕರೆಂಟ್ ಕೊಡುತ್ತೇನೆ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಬ್ರಿಕ್ ಸರಿಯಿದೆ. ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಬ್ರಿಕ್‌ನೊಳಗೇ ಇದೆ, ಹೆಚ್ಚಿನ ಸಲ ಬ್ರಿಡ್ಜ್‌ನಲ್ಲಿ. ಅದರ ತಂತಿ ಬಿಡಿಸಿ ಮೀಟರನ್ನು ಡಯೋಡ್ ಸ್ಥಾನದಲ್ಲಿಟ್ಟರೆ ಪ್ರತಿ ಡಯೋಡ್ ಒಂದು ದಿಕ್ಕಿನಲ್ಲಿ 0.5–0.6 ತೋರಿಸಬೇಕು, ಇನ್ನೊಂದು ದಿಕ್ಕಿನಲ್ಲಿ ಏನೂ ತೋರಿಸಬಾರದು. ಸೊನ್ನೆಯ ಹತ್ತಿರ ಬಂದದ್ದು ಸತ್ತಿದೆ. ಬದಲಿಗೆ 35 ಆಂಪಿಯರಿನ ಲೋಹದ ಕವಚದ ಬ್ರಿಡ್ಜನ್ನು ಥರ್ಮಲ್ ಪೇಸ್ಟ್ ಹಚ್ಚಿ ಕೂರಿಸುತ್ತೇನೆ. ಬ್ರಿಕ್ ಸರಿಯಿದ್ದರೆ ಪ್ಲಗ್‌ಗಳನ್ನು ಒಂದೊಂದಾಗಿ ಹಾಕುತ್ತಾ ಹೋಗುವುದು; ಯಾವುದನ್ನು ಹಾಕಿದಾಗ ಬಲ್ಬ್ ಪೂರ್ತಿ ಉರಿಯುತ್ತದೋ ಶಾರ್ಟ್ ಆ ಕಡೆ ಇದೆ. ಪ್ರತಿ ಸಲವೂ ಕರೆಂಟ್ ತೆಗೆದೇ ಹಾಕಿ.

ಆದರೆ ಇಷ್ಟು ವಯಸ್ಸಾದ ಯಂತ್ರಗಳಲ್ಲಿ ನನಗೆ ಶಾರ್ಟ್‌ಗಿಂತ ಹೆಚ್ಚು ಸಿಗುವುದು ಸಡಿಲ, ಕಿಲುಬು ಹಿಡಿದ ಜೋಡಣೆಗಳೇ. ಲೆಕ್ಕ ಸರಳ: 5 ಆಂಪಿಯರ್ ಹರಿಯುವ ಜಾಗದಲ್ಲಿ ಬರೀ 0.1 ಓಮ್ ಅಡ್ಡಿಯಿದ್ದರೆ ಅರ್ಧ ವೋಲ್ಟ್ ಅಲ್ಲೇ ನಷ್ಟ, ಜೊತೆಗೆ ಎರಡೂವರೆ ವ್ಯಾಟ್ ಬಿಸಿ. ಆ ಬಿಸಿಗೆ ಕ್ಲಿಪ್ ಇನ್ನಷ್ಟು ಸಡಿಲವಾಗುತ್ತದೆ, ಅಡ್ಡಿ ಇನ್ನಷ್ಟು ಏರುತ್ತದೆ. ಕಂದು ಬಣ್ಣಕ್ಕೆ ತಿರುಗಿ ಬಿಗಿ ಕಳೆದುಕೊಂಡ ಕ್ಲಿಪ್ಪನ್ನು ಉಜ್ಜಿ ಪ್ರಯೋಜನವಿಲ್ಲ, ಬದಲಾಯಿಸಿ.

ಇದೇ ಕಾಯಿಲೆ ಆಟದ ಬೋರ್ಡಿನ ಎಡ್ಜ್ ಕನೆಕ್ಟರಿನಲ್ಲೂ (ಬೋರ್ಡಿನ ಅಂಚಿಗೆ ಸಿಕ್ಕಿಸುವ ಪ್ಲಗ್ಗಿನಲ್ಲೂ) ಇರುತ್ತದೆ. ಆಡಿಯೋ ರೆಗ್ಯುಲೇಟರ್ 2 ಬೋರ್ಡು ಸುಮಾರು 10.3 ವೋಲ್ಟ್ ತೆಗೆದುಕೊಂಡು 2ಎನ್3055 ಟ್ರಾನ್ಸಿಸ್ಟರ್ ಮೂಲಕ 5 ವೋಲ್ಟ್ ಮಾಡಿ ಕೊಡುತ್ತದೆ. ಆಟದ ಬೋರ್ಡಿಗೆ ಎಷ್ಟು ತಲುಪಿತೆಂದು ಸೆನ್ಸ್ ತಂತಿಯಿಂದ ತಿಳಿದುಕೊಳ್ಳುತ್ತದೆ. ಕನೆಕ್ಟರಿನ 5 ವೋಲ್ಟ್ ಪಿನ್‌ಗಳು ಕೊಳೆಯಾದರೆ, ದಪ್ಪ ತಂತಿಯಲ್ಲಿ ಹೋಗಬೇಕಾದ ಕರೆಂಟು ಸೆನ್ಸ್ ತಂತಿಗೆ ನುಗ್ಗಿ ಆರ್29, ಆರ್30 ಎಂಬ 2.7 ಓಮ್ ರೆಸಿಸ್ಟರ್‌ಗಳನ್ನು ಸುಡುತ್ತದೆ. ಅವು ಕರಕಲಾಗಿದ್ದರೆ ರೆಗ್ಯುಲೇಟರನ್ನು ದೂರುವ ಮುಂಚೆ ಕನೆಕ್ಟರ್ ನೋಡಿ. ಬೋರ್ಡಿನ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಕಪ್ಪಾದ ಪಿನ್‌ಗಳನ್ನು ಕ್ರಿಂಪ್ ಮಾಡಿ ಹೊಸದಾಗಿ ಹಾಕಿ, ಆಮೇಲೆ ಆ ಎರಡು ರೆಸಿಸ್ಟರ್ ಬದಲಿಸಿ.

5 ವೋಲ್ಟನ್ನು ಆಟದ ಬೋರ್ಡಿನ ಮೇಲೆಯೇ ಅಳೆಯಬೇಕು. 4.75ಕ್ಕಿಂತ ಇಳಿದರೆ ಆಟ ತಾನಾಗಿ ರೀಸೆಟ್ ಆಗುತ್ತಿರುತ್ತದೆ, 5.25 ದಾಟಿದರೆ ಚಿಪ್‌ಗಳಿಗೆ ಅಪಾಯ. ನಾನು 5.05ರ ಹತ್ತಿರ ನಿಲ್ಲಿಸುತ್ತೇನೆ. ಲೋಡ್ ಇರುವಾಗ ಬಿಗ್ ಬ್ಲೂ ತುದಿಗಳಲ್ಲಿ ಎಸಿ 1 ವೋಲ್ಟ್ ಮೀರಿದರೆ ಅದರ ಕಾಲ ಮುಗಿದಿದೆ; ಅಷ್ಟೇ ಸಾಮರ್ಥ್ಯದ, 25 ವೋಲ್ಟಿನದನ್ನು ಹಾಕಿ.

ಮಾನಿಟರಿನ ಫ್ಯೂಸ್ ಮಾತ್ರ ಹೋಗುತ್ತಿದ್ದರೆ ದಾರಿ ಬೇರೆ. ಎಲೆಕ್ಟ್ರೋಹೋಮ್ ಜಿ05 ಮಾನಿಟರ್ ಇದ್ದಲ್ಲಿ, ಪರದೆಯ ಮೇಲೆ ಕಿರಣವನ್ನು ಓಡಿಸುವ ಡಿಫ್ಲೆಕ್ಷನ್ ಭಾಗದ 2ಎನ್3716, 2ಎನ್3792 ಟ್ರಾನ್ಸಿಸ್ಟರ್‌ಗಳಲ್ಲಿ ಕಲೆಕ್ಟರ್–ಎಮಿಟರ್ ಶಾರ್ಟ್ ಹುಡುಕಿ.

ಹೊಸ ಫ್ಯೂಸಿನ ಆಂಪಿಯರ್, 250 ವೋಲ್ಟ್ ಗುರುತು, ಸ್ಲೋ ಬ್ಲೋ (ತುಸು ತಡೆದು ಹೋಗುವ ಬಗೆ) ಹೌದೋ ಅಲ್ಲವೋ, ಈ ಮೂರೂ ಬ್ರಿಕ್ ಮೇಲಿನ ಚೀಟಿಯಂತೆಯೇ ಇರಲಿ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 20 ಮಿ.ಮೀ. ಉದ್ದದ ಫ್ಯೂಸ್ ಇದಕ್ಕೆ ಕೂರುವುದಿಲ್ಲ; 32 ಮಿ.ಮೀ. ಉದ್ದದ್ದನ್ನೇ ಕೇಳಿ ತನ್ನಿ.